ಹಗಲಲ್ಲಿ ಓಡಾಡಿದ ಪಿಶಾಚಿ: 'ನೊಸ್ಫೆರಾಟು' ಚಿತ್ರಕ್ಕೆ ರಾತ್ರಿ ಮರಳಿ ಸಿಕ್ಕ ಪ್ರಕರಣ

ಶವಪೆಟ್ಟಿಗೆಯನ್ನು ಕಂಕುಳಲ್ಲಿ ಅವುಚಿಕೊಂಡು ಒಬ್ಬ ಊರೊಳಗೆ ನಡೆದು ಬರುತ್ತಿದ್ದಾನೆ. ಬೋಳು ತಲೆ, ಚೂಪು ಕಿವಿ, ಇಲಿಯ ಹಾಗೆ ಮುಂದೆ ಬಂದ ಎರಡು ಹಲ್ಲು, ಕತ್ತಿನವರೆಗೂ ಗುಂಡಿ ಹಾಕಿದ ಉದ್ದನೆಯ ಕೋಟು. ಊರೆಲ್ಲ ಮಲಗಿರುವಾಗ ಪಿಶಾಚಿ ಬಂದಿಳಿಯಿತು ಅನ್ನುವುದು ಕಥೆ. ಆದರೆ ಪರದೆ ಮೇಲೆ ಕಾಣುವುದು ಬೆಳ್ಳಗಿನ ಆಕಾಶ, ಬಿಸಿಲು ಬಿದ್ದ ಗೋಡೆ.

ನಾನು 1922ರ ಜರ್ಮನ್ ಮೂಕಿ ಚಿತ್ರ 'ನೊಸ್ಫೆರಾಟು'ವನ್ನು ಮೊದಲು ನೋಡಿದ್ದು ಇಂಥದ್ದೇ ಒಂದು ಮಸುಕು ಕಪ್ಪು-ಬಿಳುಪು ಕಾಪಿಯಲ್ಲಿ. ಪಕ್ಕದಲ್ಲಿದ್ದ ಗೆಳೆಯ ಜೋರಾಗಿ ನಕ್ಕುಬಿಟ್ಟ. "ಏನಪ್ಪಾ ಇದು, ಮಟಮಟ ಮಧ್ಯಾಹ್ನ ದೆವ್ವ ಮನೆ ಶಿಫ್ಟ್ ಮಾಡ್ತಿದೆ!" ನನಗೂ ನಗು ಬಂತು. ಹಳೇ ಕಾಲದವರು, ರಾತ್ರಿ ಶೂಟಿಂಗ್ ಮಾಡೋಕೆ ಆಗಿರಲಿಲ್ಲ, ಹೋಗಲಿ ಬಿಡು ಅಂದುಕೊಂಡೆ.

ಆದರೆ ಸುಮ್ನೆ ಬಿಡುವ ವಿಷಯ ಅಲ್ಲ ಇದು. ಈ ಚಿತ್ರದ ಕೊನೆಯಲ್ಲಿ ಪಿಶಾಚಿ ಸಾಯುವುದು ಬಿಸಿಲು ತಾಗಿ. ಕಥೆ ಕದ್ದದ್ದು ಬ್ರಾಮ್ ಸ್ಟೋಕರ್‌ನ 1897ರ 'ಡ್ರಾಕುಲಾ' ಕಾದಂಬರಿಯಿಂದ. ಆ ಕಾದಂಬರಿಯ ಡ್ರಾಕುಲಾ ಹಗಲಲ್ಲೂ ಓಡಾಡಬಲ್ಲ, ಅವನ ಶಕ್ತಿ ಕಡಿಮೆ ಆಗುತ್ತದೆ ಅಷ್ಟೇ. ಬಿಸಿಲು ಬಿದ್ದರೆ ರಕ್ತಪಿಶಾಚಿ ಕರಗಿಹೋಗುತ್ತದೆ ಎಂಬ, ಈಗ ಮಕ್ಕಳಿಗೂ ಗೊತ್ತಿರುವ ನಿಯಮ ಬಂದದ್ದು ಈ ಮೂಕಿ ಚಿತ್ರದಿಂದ. ಹಾಗಾದರೆ ಕೊನೆಯಲ್ಲಿ ಕೊಲ್ಲುವ ಬಿಸಿಲು ನಡುವೆ ಯಾಕೆ ಏನೂ ಮಾಡಲಿಲ್ಲ? ಹಗಲು-ರಾತ್ರಿ ಗೊತ್ತಾಗದಿದ್ದರೆ ಈ ಚಿತ್ರದ ಕಥೆಯೇ ನಿಲ್ಲುವುದಿಲ್ಲ.

ನಿರ್ದೇಶಕ ಎಫ್. ಡಬ್ಲ್ಯೂ. ಮುರ್ನೌ ಎಡವಿರಲಿಲ್ಲ. ರಾತ್ರಿ ಇತ್ತು. ಅದನ್ನು ನಾವು ಕಳೆದುಕೊಂಡಿದ್ದೆವು. ಕಳೆದದ್ದು ಹೇಗೆ, ಮತ್ತೆ ಸಿಕ್ಕಿದ್ದು ಹೇಗೆ ಅನ್ನುವುದೇ ಈ ಪ್ರಕರಣ.

ಬಣ್ಣದ ತೊಟ್ಟಿಯಲ್ಲಿ ಅದ್ದಿದ ರಾತ್ರಿ

1921ರಲ್ಲಿ ಎನ್ರಿಕೊ ಡೀಕ್‌ಮನ್ ಮತ್ತು ಆಲ್ಬಿನ್ ಗ್ರೌ ಸೇರಿ ಬರ್ಲಿನ್‌ನಲ್ಲಿ ಒಂದು ಕಂಪನಿ ಶುರು ಮಾಡಿದರು. ಹೆಸರು ಪ್ರಾಣ ಫಿಲ್ಮ್. ಹೌದು, ನಮ್ಮ 'ಪ್ರಾಣ'ವೇ. ಗ್ರೌ ಚಿತ್ರ ಬರೆಯುವವನು, ಗುಪ್ತವಿದ್ಯೆಯ ಹುಚ್ಚು ಇದ್ದವನು. ಸೆಟ್ಟು, ಉಡುಪು, ಪೋಸ್ಟರು ಎಲ್ಲ ಅವನದೇ ಕೈಚಳಕ. ಆ ಇಲಿಹಲ್ಲಿನ ಕೌಂಟ್ ಓರ್ಲೊಕ್‌ನ ರೂಪಕ್ಕೆ ನಟ ಮಾಕ್ಸ್ ಶ್ರೆಕ್ ಎಷ್ಟು ಕಾರಣವೋ ಗ್ರೌ ಕೂಡ ಅಷ್ಟೇ ಕಾರಣ. ಕಂಪನಿ ತೆಗೆದದ್ದು ಇದೊಂದೇ ಚಿತ್ರ. ಬಿಡುಗಡೆಯಾದ ವರ್ಷವೇ ದಿವಾಳಿ ಎದ್ದು, ಪ್ರಾಣ ಫಿಲ್ಮಿನ ಪ್ರಾಣ ಹೋಯಿತು.

ಚಿತ್ರೀಕರಣ ನಡೆದದ್ದು ಉತ್ತರ ಜರ್ಮನಿಯ ವಿಸ್ಮಾರ್ ಮತ್ತು ಲ್ಯೂಬೆಕ್ ಊರುಗಳಲ್ಲಿ, ಈಗಿನ ಸ್ಲೊವಾಕಿಯದ ಒರಾವಾ ಕೋಟೆಯಲ್ಲಿ. ಓರ್ಲೊಕ್ ಕೊಳ್ಳುವ ಪಾಳು ಮನೆ ಅಂದರೆ ಲ್ಯೂಬೆಕ್‌ನ ಹಳೆಯ ಉಪ್ಪಿನ ಗೋದಾಮುಗಳು. ಅವು ಈಗಲೂ ಇವೆ. ಸ್ಟುಡಿಯೋ ಬಿಟ್ಟು ಇಷ್ಟು ದೂರ ಹೋಗಿ ಭಯದ ಚಿತ್ರ ತೆಗೆಯುವುದು ಆಗ ಅಪರೂಪ. ಎರಡು ವರ್ಷ ಮೊದಲು ಬಂದ 'ಡಾ. ಕ್ಯಾಲಿಗರಿ' ಚಿತ್ರದಲ್ಲಿ ನೆರಳನ್ನೂ ಸೆಟ್ಟಿನ ಮೇಲೆ ಬಣ್ಣದಲ್ಲಿ ಬಳಿದಿದ್ದರು. ಮುರ್ನೌಗೆ ನಿಜವಾದ ಬೀದಿ, ನಿಜವಾದ ಸಮುದ್ರ, ನಿಜವಾದ ಕಾಡು ಬೇಕಿತ್ತು.

ತೊಂದರೆ ಶುರುವಾಗಿದ್ದೂ ಅಲ್ಲೇ. ಆ ಕಾಲದ ಫಿಲ್ಮಿಗೆ ಬೆಳಕು ಜಾಸ್ತಿ ಬೇಕು. ಕೆಂಪು ಅದಕ್ಕೆ ಕಾಣುವುದೇ ಇಲ್ಲ, ನೀಲಿ ಮಾತ್ರ ಚೆನ್ನಾಗಿ ಕಾಣುತ್ತದೆ. ಅದಕ್ಕೇ ನೀಲಿ ಆಕಾಶ ಬೆಳ್ಳಗೆ ಬರುತ್ತದೆ. ಬಯಲಿನಲ್ಲಿ, ಬೀದಿಯಲ್ಲಿ ಕತ್ತಲಾದ ಮೇಲೆ ಚಿತ್ರ ತೆಗೆಯುವ ಮಾತೇ ಇಲ್ಲ. ಹಾಗಾಗಿ ಹಗಲಲ್ಲೇ ತೆಗೆದರು. ರಾತ್ರಿಯನ್ನು ಆಮೇಲೆ ಲ್ಯಾಬಿನಲ್ಲಿ ಸೇರಿಸಿದರು.

ಈ ಕೆಲಸಕ್ಕೆ ಟಿಂಟಿಂಗ್ ಅನ್ನುತ್ತಾರೆ. ನೆಗೆಟಿವ್‌ನಲ್ಲಿ, ಅಂದರೆ ಬೆಳಕು-ಕತ್ತಲೆ ಅದಲುಬದಲಾಗಿ ಮೂಡಿದ ಮೂಲ ಫಿಲ್ಮಿನಲ್ಲಿ, ಬಣ್ಣ ಇರುವುದಿಲ್ಲ. ಅದರಿಂದ ತೆಗೆದ ಪ್ರಿಂಟಿನ ತುಂಡುಗಳನ್ನು ಬೇರೆ ಬೇರೆ ಬಣ್ಣದ ತೊಟ್ಟಿಯಲ್ಲಿ ಅದ್ದುತ್ತಾರೆ, ಥೇಟ್ ನೂಲಿಗೆ ಬಣ್ಣ ಹಾಕಿದ ಹಾಗೆ. ರಾತ್ರಿಯ ತುಂಡಿಗೆ ನೀಲಿ, ದೀಪ ಉರಿಯುವ ಕೋಣೆಗೆ ಹಳದಿ, ನಸುಕಿಗೆ ಗುಲಾಬಿ. ಒಣಗಿದ ಮೇಲೆ ಕಥೆಯ ಕ್ರಮದಲ್ಲಿ ಒಂದೊಂದೇ ಕತ್ತರಿಸಿ ಅಂಟಿಸಬೇಕು. ಪ್ರತಿ ಪ್ರಿಂಟಿಗೂ ಈ ಕೆಲಸ ಮತ್ತೆ ಮೊದಲಿಂದ. ಆಗಿನ ಪ್ರೇಕ್ಷಕರಿಗೆ ಈ ಭಾಷೆ ಚೆನ್ನಾಗಿ ಗೊತ್ತಿತ್ತು. ಕಂಪನಿ ನಾಟಕದಲ್ಲಿ ನೀಲಿ ಲೈಟು ಬಿಟ್ಟರೆ ಬೆಳದಿಂಗಳು ಅಂತ ನಾವು ಒಪ್ಪಿಕೊಳ್ಳುವುದಿಲ್ಲವೇ, ಹಾಗೆಯೇ. ಪರದೆ ನೀಲಿಯಾದರೆ ರಾತ್ರಿ, ಅಷ್ಟೇ. ನೆಲದ ಮೇಲೆ ನೆರಳು ಎಷ್ಟೇ ಸ್ಪಷ್ಟ ಇರಲಿ, ಅದು ಚಂದ್ರನ ನೆರಳು.

ಇಲ್ಲಿ ಒಂದು ಮಾತು ಗಮನಿಸಬೇಕು. ಬಣ್ಣ ಇದ್ದದ್ದು ಪ್ರಿಂಟಿನಲ್ಲಿ ಮಾತ್ರ. ಅಂದರೆ ಬಣ್ಣದ ಪ್ರಿಂಟು ಹೋದರೆ ರಾತ್ರಿಯೂ ಅದರ ಜೊತೆ ಹೋಯಿತು.

ಸುಡಿ ಅಂದರು, ಉಳಿಯಿತು

1922ರ ಮಾರ್ಚ್ 4ರಂದು ಬರ್ಲಿನ್ ಮೃಗಾಲಯದ ಸಭಾಂಗಣದಲ್ಲಿ ಚಿತ್ರದ ಮೊದಲ ಪ್ರದರ್ಶನ ದೊಡ್ಡ ಹಬ್ಬದ ಹಾಗೆ ನಡೆಯಿತು. ಪ್ರಚಾರಕ್ಕೆ ಪ್ರಾಣ ಫಿಲ್ಮ್ ಕೈಬಿಚ್ಚಿ ಸುರಿದಿತ್ತು. ಕಥೆಯ ಹಕ್ಕಿಗೆ ಮಾತ್ರ ಒಂದು ಕಾಸೂ ಕೊಟ್ಟಿರಲಿಲ್ಲ. ಹೆಸರು ಬದಲಿಸಿದ್ದರು, ಊರು ಬದಲಿಸಿದ್ದರು. ಆದರೆ 'ಡ್ರಾಕುಲಾ' ಆಧರಿಸಿದ್ದು ಅಂತ ತಾವೇ ಚಿತ್ರದ ಶುರುವಿನಲ್ಲಿ ಹಾಕಿಕೊಂಡಿದ್ದರು! ಕಳ್ಳತನದಲ್ಲೂ ಎಂಥ ಪ್ರಾಮಾಣಿಕತೆ ನೋಡಿ.

ಸ್ಟೋಕರ್ 1912ರಲ್ಲೇ ತೀರಿಕೊಂಡಿದ್ದ. ಹೆಂಡತಿ ಫ್ಲಾರೆನ್ಸ್ ಸ್ಟೋಕರ್ ಲಂಡನ್ನಿನಲ್ಲಿದ್ದರು. ಗಂಡ ಬಿಟ್ಟುಹೋದ ಆಸ್ತಿಯಲ್ಲಿ ಆ ಪುಸ್ತಕವೇ ಮುಖ್ಯ. ವಿಷಯ ತಿಳಿದದ್ದೇ ಲೇಖಕರ ಸಂಘದ ಸಹಾಯ ಹಿಡಿದು ಕೇಸು ಹಾಕಿದರು. ದಿವಾಳಿಯಾದ ಕಂಪನಿಯಿಂದ ದುಡ್ಡು ಬರುವುದಿಲ್ಲ ಅಂತ ಗೊತ್ತಾದ ಮೇಲೆ ಪಟ್ಟು ಬದಲಿಸಿದರು: ದುಡ್ಡು ಬೇಡ, ಚಿತ್ರವೇ ಇರಬಾರದು. 1925ರಲ್ಲಿ ಜರ್ಮನ್ ಕೋರ್ಟು ನೆಗೆಟಿವ್ ಮತ್ತು ಪ್ರಿಂಟುಗಳನ್ನೆಲ್ಲ ನಾಶ ಮಾಡಬೇಕೆಂದು ಆದೇಶ ಕೊಟ್ಟಿತು. ಫ್ಲಾರೆನ್ಸ್ ಅವರನ್ನು ಖಳನಾಯಕಿ ಮಾಡಿ ಬರೆಯುವವರು ಬಹಳ ಜನ ಇದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹಕ್ಕು ಅವರದಿತ್ತು, ಕದ್ದವರು ಇವರು.

ಮೂಲ ನೆಗೆಟಿವ್ ಉಳಿಯಲಿಲ್ಲ. ಆದರೆ ಅಷ್ಟರೊಳಗೆ ಪ್ರಿಂಟುಗಳು ದೇಶ ದಾಟಿದ್ದವು. ಫ್ರಾನ್ಸಿನಲ್ಲಿ ಒಂದು, ಚೆಕ್ ನಾಡಿನ ಕಡೆಗೆ ಹೋದದ್ದೊಂದು, ಹೀಗೆ. ಇಲ್ಲೊಂದು ವಿಚಿತ್ರ ಇದೆ. ಇದೇ ಮುರ್ನೌ 1920ರಲ್ಲಿ 'ಡೆರ್ ಯಾನುಸ್‌ಕೊಪ್ಫ್' ಅನ್ನುವ ಇನ್ನೊಂದು ಭಯದ ಚಿತ್ರ ತೆಗೆದಿದ್ದ. ಅದನ್ನು ಸುಡಿ ಅಂತ ಯಾವ ಕೋರ್ಟೂ ಹೇಳಲಿಲ್ಲ. ಅದು ಇವತ್ತು ಇಲ್ಲ. ನಮ್ಮ ಮೊದಲ ಟಾಕಿ, 1934ರ 'ಸತಿ ಸುಲೋಚನ', ಅದನ್ನೂ ಯಾರೂ ನಾಶ ಮಾಡಿ ಅನ್ನಲಿಲ್ಲ. ಅದರ ಪ್ರಿಂಟೂ ಉಳಿದಿಲ್ಲ. ಚಿತ್ರಗಳನ್ನು ಕೊಲ್ಲುವುದು ಹೆಚ್ಚಾಗಿ ಆದೇಶ ಅಲ್ಲ, ಬೀರುವಿನ ಮೂಲೆಯಲ್ಲಿ ಬಿದ್ದಿರುವ ಡಬ್ಬಿಯನ್ನು ಯಾರೂ ತೆರೆದು ನೋಡದಿರುವುದು. ಆ ಕಾಲದ ಫಿಲ್ಮು ನೈಟ್ರೇಟ್. ಕಿಡಿ ತಾಗಿದರೆ ಭಗ್ಗನೆ ಹತ್ತಿಕೊಳ್ಳುತ್ತದೆ. ಬೆಂಕಿ ಬೀಳದಿದ್ದರೂ ತಾನೇ ಕೊಳೆತು ಅಂಟಂಟಾಗಿ, ಕೊನೆಗೆ ಕಂದು ಪುಡಿಯಾಗುತ್ತದೆ.

ಉಳಿದ ಪ್ರಿಂಟುಗಳಿಂದ ಕಾಪಿ, ಕಾಪಿಯಿಂದ ಮತ್ತೆ ಕಾಪಿ. ಜೆರಾಕ್ಸ್ ಪ್ರತಿಯ ಜೆರಾಕ್ಸ್ ಮಾಡಿಸಿದ ಹಾಗೆ. ಕಪ್ಪು ಇನ್ನೂ ಕಪ್ಪಾಯಿತು, ಬಿಳಿ ಸುಟ್ಟುಹೋಯಿತು, ಓರ್ಲೊಕ್‌ನ ಮುಖದ ಗೆರೆಗಳು ಅಳಿಸಿದವು. ಕಾಪಿ ತೆಗೆದದ್ದು ಕಪ್ಪು-ಬಿಳುಪು ಫಿಲ್ಮಿಗೆ, ಅದು ಅಗ್ಗ. ಅಲ್ಲಿಗೆ ನೀಲಿ ಹೋಯಿತು. ಇನ್ನೂ ಒಂದು ಅನ್ಯಾಯ ಇದೆ. ಕಾಪಿಗೆ ಬಳಸುತ್ತಿದ್ದ ಹಳೆಯ ಫಿಲ್ಮಿಗೆ ನೀಲಿ ಬೆಳಕು ಬೇಗ ಹತ್ತುತ್ತದೆ, ಹಳದಿ ಹತ್ತುವುದಿಲ್ಲ. ಲ್ಯಾಬಿನವರು ಹುಷಾರಾಗಿ ಸರಿದೂಗಿಸದಿದ್ದರೆ ನೀಲಿಯಲ್ಲಿ ಅದ್ದಿದ ರಾತ್ರಿ ಬೆಳ್ಳಗಾಗುತ್ತದೆ, ಹಳದಿಯಲ್ಲಿ ಅದ್ದಿದ ದೀಪದ ಕೋಣೆ ಕಪ್ಪಾಗುತ್ತದೆ. ಪೂರ್ತಿ ಉಲ್ಟಾ.

ನಮ್ಮಲ್ಲಿ ಹೆಚ್ಚಿನವರು ನೋಡಿ ನಕ್ಕದ್ದು ಇಂಥ ಕಾಪಿಗಳನ್ನು.

ಬಣ್ಣದ ಜೊತೆ ಮಾತೂ ಬದಲಾಯಿತು. ಇಂಗ್ಲಿಷ್ ಕಾಪಿಗಳಲ್ಲಿ ಓರ್ಲೊಕ್ ಮತ್ತೆ ಡ್ರಾಕುಲಾ ಆದ. 1930ರಲ್ಲಿ ಇದೇ ಚಿತ್ರವನ್ನು ಕತ್ತರಿಸಿ, ಹೊಸ ದೃಶ್ಯ ತುರುಕಿ, ಸದ್ದು ಸೇರಿಸಿ, 'ಹನ್ನೆರಡನೇ ಗಂಟೆ' ಎಂಬ ಅರ್ಥದ ಹೆಸರಿಟ್ಟು ಬಿಟ್ಟರು. ಅದರಲ್ಲಿ ಪಾತ್ರಗಳ ಹೆಸರೂ ಬೇರೆ. ಈ ಕಲಬೆರಕೆಯೇ ಮುಂದೆ ಉಪಕಾರಕ್ಕೆ ಬಂತು ಅನ್ನುವುದು ಬೇರೆ ಮಾತು.

ಚೂರುಗಳ ಲೆಕ್ಕ

ಮ್ಯೂನಿಕ್ ಫಿಲ್ಮ್ ಮ್ಯೂಸಿಯಂನ ಮುಖ್ಯಸ್ಥನಾಗಿದ್ದ ಎನ್ನೋ ಪಾತಲಾಸ್ ಈ ಚಿತ್ರವನ್ನು ಮೂಲದಂತೆ ಮತ್ತೆ ಜೋಡಿಸುವ ಕೆಲಸಕ್ಕೆ ಕೈಹಾಕಿದ ಮೊದಲಿಗರಲ್ಲಿ ಒಬ್ಬ. 1981ರ ಹೊತ್ತಿಗೆ ಅವನ ತಂಡ ಶಾಟುಗಳ ಕ್ರಮ ಮತ್ತು ದೃಶ್ಯಗಳ ನಡುವೆ ಪರದೆ ಮೇಲೆ ಬರುವ ಜರ್ಮನ್ ಬರಹಗಳನ್ನು ಸರಿಪಡಿಸಿತ್ತು. ಆಮೇಲೆ, 1995ರ ಹೊತ್ತಿಗೆ, ಇಟಲಿಯ ಬೊಲೊನ್ಯಾದ ಚಿತ್ರಸಂಗ್ರಹಾಲಯ ಸಿನೆಟೆಕಾ ಜೊತೆ ಸೇರಿ ಬಣ್ಣದ ಆವೃತ್ತಿ ಬಂತು. ನಾನು ಇಲ್ಲಿ ಹೇಳಬೇಕೆಂದಿರುವುದು ಅದರ ಮುಂದಿನದು: ಹಳೆಯ ಜರ್ಮನ್ ಚಿತ್ರಗಳನ್ನು ಕಾಪಾಡುವ ವೀಸ್‌ಬಾಡೆನ್‌ನ ಮುರ್ನೌ ಪ್ರತಿಷ್ಠಾನಕ್ಕಾಗಿ ಸ್ಪೇನಿನ ಲೂಸಿಯಾನೊ ಬೆರಿಯಾತೂವಾ 2005-06ರಲ್ಲಿ ಮಾಡಿದ್ದು. ಲ್ಯಾಬಿನ ಕೆಲಸ ಬೊಲೊನ್ಯಾದ ಲಿಮಾಜಿನೆ ರಿತ್ರೊವಾತಾದಲ್ಲಿ ಆಯಿತು.

ಆಧಾರವಾಗಿ ಹಿಡಿದದ್ದು ಪ್ಯಾರಿಸ್ಸಿನ ಚಿತ್ರಸಂಗ್ರಹಾಲಯ ಸಿನೆಮಾಟೆಕ್ ಫ್ರಾನ್ಸೇಸ್‌ನಲ್ಲಿದ್ದ 1922ರ ನೈಟ್ರೇಟ್ ಪ್ರಿಂಟ್. ಫ್ರೆಂಚ್ ಬರಹ ಇದ್ದದ್ದು. ಅದರ ಬೆಲೆ ಎರಡು ಕಾರಣಕ್ಕೆ. ಕಾಲದಲ್ಲಿ ಮೂಲಕ್ಕೆ ಬಹಳ ಹತ್ತಿರ, ಹಾಗಾಗಿ ಚಿತ್ರ ಚೊಕ್ಕ. ಮತ್ತೆ ಅದಕ್ಕೆ ಬಣ್ಣ ಇತ್ತು. ಯಾವ ಶಾಟು ನೀಲಿ, ಯಾವುದು ಹಳದಿ, ಎಲ್ಲಿ ಗುಲಾಬಿಗೆ ತಿರುಗುತ್ತದೆ ಅನ್ನುವುದಕ್ಕೆ ಅದೇ ಸಾಕ್ಷಿ.

ಆದರೆ ಅದರಲ್ಲಿ ಶಾಟುಗಳು ಕಾಣೆ. ಹಲವನ್ನು ಜರ್ಮನಿಯ ಸರ್ಕಾರಿ ದಾಖಲೆಗಳ ಭಂಡಾರ ಬುಂಡೆಸ್‌ಆರ್ಕೀವ್‌ನಲ್ಲಿದ್ದ 1939ರ ಪ್ರಿಂಟಿನಿಂದ ತಂದರು. ಅದು ಇಪ್ಪತ್ತರ ದಶಕದ ಚೆಕ್ ಪ್ರಿಂಟಿನಿಂದ ಇಳಿಸಿಕೊಂಡದ್ದು. ಇನ್ನು ಕೆಲವು ಎಲ್ಲಿ ಸಿಕ್ಕವು ಗೊತ್ತೇ? ಆ 1930ರ ಕಲಬೆರಕೆ ಆವೃತ್ತಿಯ ನೈಟ್ರೇಟ್ ಪ್ರಿಂಟಿನಲ್ಲಿ. ಚಿತ್ರವನ್ನು ಹಾಳು ಮಾಡಿದವರು ಎಂದು ಬೈಸಿಕೊಂಡವರೇ ಒಂದಷ್ಟು ಶಾಟುಗಳನ್ನು ಕಾಪಾಡಿಕೊಟ್ಟಿದ್ದರು.

ಹೀಗೆ ಬೇರೆ ಬೇರೆ ತಲೆಮಾರಿನ ಚೂರುಗಳನ್ನು ಜೋಡಿಸಿದಾಗ ಒಂದು ಶಾಟು ಗರಿಗರಿ, ಮುಂದಿನದು ಮಂಜು ಮುಸುಕಿದಂತೆ. ಗಮನಿಸಿ ನೋಡಿದರೆ ಈಗಲೂ ಗೊತ್ತಾಗುತ್ತದೆ. ಮಂಜಿನ ಶಾಟನ್ನು ಕಂಪ್ಯೂಟರಿನಲ್ಲಿ ತಿಕ್ಕಿ ತೀಡಿ ಗರಿಗರಿ ಮಾಡುವ ಆಸೆ ಯಾರಿಗಾದರೂ ಬರುತ್ತದೆ. ಹೆಚ್ಚು ತಿಕ್ಕಿದರೆ ಮುಖ ಮೇಣದ ಗೊಂಬೆ ಆಗುತ್ತದೆ. ತೇಪೆ ತೇಪೆಯಾಗಿಯೇ ಕಾಣಲಿ ಅನ್ನುವುದು ನನ್ನ ಪಕ್ಷ.

ಏನನ್ನು ಸರಿ ಮಾಡಬಾರದು ಅಂತ ತಿಳಿದಿರುವುದು ಈ ಕೆಲಸದಲ್ಲಿ ಅರ್ಧ ಭಾಗ. ಓರ್ಲೊಕ್‌ನ ಸಾರೋಟು ಕಾಡಿನೊಳಗೆ ಹೋಗುವ ದೃಶ್ಯ ತೆಗೆದುಕೊಳ್ಳಿ. ಗಾಡಿ ಬೊಂಬೆಯ ಹಾಗೆ ಜರ್ಕು ಹೊಡೆಯುತ್ತಾ ಓಡುತ್ತದೆ. ಒಂದು ಕಡೆ ಮರಗಳೆಲ್ಲ ಬೆಳ್ಳಗೆ, ಆಕಾಶ ಕಪ್ಪಗೆ. ನೋಡಿದರೆ ಲ್ಯಾಬಿನ ಎಡವಟ್ಟು ಅನ್ನಿಸಬೇಕು. ಅಲ್ಲ, ಮುರ್ನೌ ಬೇಕೆಂದೇ ನೆಗೆಟಿವ್ ಚಿತ್ರವನ್ನೇ ಹಾಕಿದ್ದಾನೆ. ದೆವ್ವದ ಸೀಮೆಯಲ್ಲಿ ಬೆಳಕು-ಕತ್ತಲೆ ಅದಲುಬದಲು. ನೆಗೆಟಿವ್‌ನಲ್ಲೂ ಗಾಡಿ ಕಪ್ಪಾಗಿ ಕಾಣಲಿ ಅಂತ ಅದಕ್ಕೆ ಬಿಳಿ ಬಟ್ಟೆ ಹೊದಿಸಿದ್ದರು.

ಚೊಕ್ಕ ಪ್ರಿಂಟಿನಿಂದ ಒಂದು ನಷ್ಟವೂ ಆಯಿತು. ಹಳ್ಳಿಯ ಛತ್ರದ ಹತ್ತಿರ ತೋಳಮಾನವ ಅಲೆಯುತ್ತಿದ್ದಾನೆ ಅಂತ ಜನ ಹೆದರುತ್ತಾರೆ, ಆಗ ಒಂದು ಪ್ರಾಣಿಯನ್ನು ತೋರಿಸುತ್ತಾರೆ. ಮಸುಕು ಕಾಪಿಯಲ್ಲಿ ಏನೋ ಒಂದು ಭಯಂಕರ ಮೃಗ. ಈಗ ನೋಡಿದರೆ ಮೈಮೇಲಿನ ಪಟ್ಟೆ ಸಮೇತ ಕಾಣುತ್ತದೆ, ನಮ್ಮ ಬಯಲುಸೀಮೆಯ ಕತ್ತೆಕಿರುಬ! ಪಾಪ, ಅದೂ ಗಲಿಬಿಲಿಯಾದಂತೆ ನಿಂತಿದೆ.

ಬರಹದ ಕಾರ್ಡುಗಳ ಕಥೆ ಸ್ವಲ್ಪ ಹೇಳಬೇಕು. ಈ ಚಿತ್ರದಲ್ಲಿ ಓದುವುದು ಬಹಳ. ಇಡೀ ಕಥೆ 1838ರಲ್ಲಿ ವಿಸ್‌ಬೋರ್ಗ್ ಎಂಬ ಊರಿಗೆ ಬಂದ ಮಾರಿಯ ದಾಖಲೆಯ ರೂಪದಲ್ಲಿದೆ. ಜೊತೆಗೆ ಹಡಗಿನ ದಿನಚರಿ, ಪಿಶಾಚಿಗಳ ಬಗ್ಗೆ ಒಂದು ಪುಸ್ತಕ, ಗ್ರೌ ಬರೆದ ಗುಪ್ತಲಿಪಿಯ ಕಾಗದ. ಜರ್ಮನ್ ಬರಹಗಳಲ್ಲಿ ಹೆಚ್ಚಿನವು ಬುಂಡೆಸ್‌ಆರ್ಕೀವ್‌ನ 1962ರ ಒಂದು ಪ್ರಿಂಟಿನಲ್ಲಿ ಉಳಿದಿದ್ದವು. ಇಲ್ಲದಿರುವುದನ್ನು ಅದೇ ಅಕ್ಷರದ ಮಾದರಿಯಲ್ಲಿ ಹೊಸದಾಗಿ ಬರೆಸಿ, ಮೂಲೆಯಲ್ಲಿ ಪ್ರತಿಷ್ಠಾನದ ನಾಲ್ಕಕ್ಷರದ ಗುರುತು ಹಾಕಿದ್ದಾರೆ. ಇದು ನಮ್ಮ ಕೈಯದು, 1922ರದಲ್ಲ ಅಂತ ನೋಡುವವನಿಗೆ ತಿಳಿಯಲಿ ಎಂದು. ಈ ಪ್ರಾಮಾಣಿಕತೆ ನನಗೆ ತುಂಬಾ ಹಿಡಿಸಿತು.

ಮೂಲಕ್ಕೆ ಮರಳುವಾಗ ಒಂದು ಸಾಲು ಕೈತಪ್ಪಿತು. ನಾಯಕ ಹುಟ್ಟರ್ ಸೇತುವೆ ದಾಟುವಾಗ ಫ್ರೆಂಚ್ ಕಾಪಿಯಲ್ಲಿ ಬರುವ ಬರಹದ ಅರ್ಥ ಹೀಗೆ: ಅವನು ಸೇತುವೆಯ ಆಚೆ ಬದಿ ಸೇರಿದಾಗ ದೆವ್ವಗಳು ಅವನನ್ನು ಎದುರುಗೊಂಡವು. ಕನಸಿನ ಲೋಕದ ಹಿಂದೆ ಬಿದ್ದಿದ್ದ ಪ್ಯಾರಿಸ್ಸಿನ ಸರ್ರಿಯಲಿಸ್ಟ್ ಕವಿಗಳು ಈ ಸಾಲಿಗೆ ಮರುಳಾಗಿದ್ದರು. ಜರ್ಮನ್ ಮೂಲದಲ್ಲಿ ದೆವ್ವ ಎದುರುಗೊಳ್ಳುವುದೇ ಇಲ್ಲ. ಸೇತುವೆ ದಾಟಿದ್ದೇ ತಡ, ಅವನು ಆಮೇಲೆ ನನಗೆ ಹೇಳುತ್ತಿದ್ದ ಆ ಭಯಾನಕ ದೃಶ್ಯಗಳು ಅವನನ್ನು ಹಿಡಿದವು ಅನ್ನುವ ಧಾಟಿಯ ಮಾತು. ಅನುವಾದಕನೊಬ್ಬ ಮೂಲಕ್ಕಿಂತ ಚೆನ್ನಾಗಿ ಬರೆದುಬಿಟ್ಟಿದ್ದ. ನನಗೂ ಫ್ರೆಂಚ್ ಸಾಲೇ ಇಷ್ಟ. ಆದರೂ ಅದನ್ನು ತೆಗೆದದ್ದು ಸರಿ.

ವೇಗದ ವಿಷಯ ಬೇಗ ಮುಗಿಸುತ್ತೇನೆ. ಮೂಲ ಚಿತ್ರದ ಉದ್ದ 1967 ಮೀಟರ್. ಒಂದು ಮೀಟರಿಗೆ ಸುಮಾರು 52.5 ಫ್ರೇಮು, ಅಂದರೆ ಒಂದು ಲಕ್ಷ ಮೂರು ಸಾವಿರ ಫ್ರೇಮು. ಸೆಕೆಂಡಿಗೆ 18ರಂತೆ ಓಡಿಸಿದರೆ ಸುಮಾರು 95 ನಿಮಿಷ. ಟಾಕಿ ಪ್ರೊಜೆಕ್ಟರಿನ 24ರ ವೇಗದಲ್ಲಿ ಓಡಿಸಿದರೆ 72 ನಿಮಿಷಕ್ಕೇ ಮುಗಿದುಹೋಗುತ್ತದೆ, ಎಲ್ಲರೂ ಬಸ್ಸಿಗೆ ಓಡುವವರ ಹಾಗೆ ಕಾಣುತ್ತಾರೆ. ಈಗಿನ ಆವೃತ್ತಿ 94 ನಿಮಿಷ. ಓರ್ಲೊಕ್ ಬಾಗಿಲಿನಿಂದ ಹಾಸಿಗೆಯವರೆಗೆ ಬರಲು ತೆಗೆದುಕೊಳ್ಳುವ ಆ ನಿಧಾನವೇ ಅರ್ಧ ಭಯ.

ಚಿತ್ರ ಓಡುವಾಗ ಜೊತೆಗೆ ನುಡಿಸಲೆಂದು ಹಾನ್ಸ್ ಎರ್ಡ್‌ಮನ್ ಬರೆದ ಸಂಗೀತದ ಪೂರ್ತಿ ಪ್ರತಿ ಉಳಿದಿಲ್ಲ. ಅವನು ಅಚ್ಚು ಹಾಕಿಸಿದ್ದ ತುಣುಕುಗಳಿಂದ ಬೆರ್ಂಟ್ ಹೆಲ್ಲರ್ ಅದನ್ನು ಮತ್ತೆ ಕಟ್ಟಿದ್ದಾನೆ.

ನೀಲಿ ಮತ್ತು ಗುಲಾಬಿ

ಒಂದು ತಕರಾರು ನ್ಯಾಯವಾದದ್ದೇ. ಬಣ್ಣದ ಸಾಕ್ಷಿ ಫ್ರಾನ್ಸಿನ ಪ್ರಿಂಟು. ಒಂದೇ ಚಿತ್ರಕ್ಕೆ ಒಂದೊಂದು ದೇಶದ ಪ್ರಿಂಟಿನಲ್ಲಿ ಒಂದೊಂದು ಬಣ್ಣ ಇರುವುದು ಆಗ ಹೊಸದೇನಲ್ಲ. ನೂರು ವರ್ಷದಲ್ಲಿ ಬಣ್ಣ ಮಾಸುತ್ತದೆ ಕೂಡ. ಹಾಗಾಗಿ ಆ ನೀಲಿ ಎಷ್ಟು ನೀಲಿ ಅನ್ನುವುದರಲ್ಲಿ ಚರ್ಚೆಗೆ ಜಾಗ ಇದ್ದೇ ಇದೆ. ಬೇರೆ ಕಪ್ಪು-ಬಿಳುಪು ಕಾಪಿಯಿಂದ ತಂದ ಶಾಟುಗಳಿಗೆ ಅಕ್ಕಪಕ್ಕದ ಶಾಟು ನೋಡಿಯೇ ಬಣ್ಣ ಕೊಡಬೇಕು. ಆದರೆ ಆ ಶಾಟು ರಾತ್ರಿಯೋ ಹಗಲೋ ಅನ್ನುವುದರಲ್ಲಿ ಅನುಮಾನ ಉಳಿಯುವುದಿಲ್ಲ. ಈ ಚಿತ್ರಕ್ಕೆ ಮುಖ್ಯವಾಗಿ ಬೇಕಾದದ್ದು ಅದು.

ಹೊಸ ಆವೃತ್ತಿಯಲ್ಲಿ ಆ ಶವಪೆಟ್ಟಿಗೆಯ ದೃಶ್ಯ ಮತ್ತೆ ನೋಡಿದೆ. ಅದೇ ಗೋಡೆ, ಅದೇ ನೆರಳು. ನೀಲಿ ಬಿದ್ದಿದೆ ಅಷ್ಟೇ. ಬೆಳ್ಳಗಿನ ಆಕಾಶ ಬೆಳದಿಂಗಳಾಗಿದೆ, ಮುಚ್ಚಿದ ಕಿಟಕಿಗಳ ಹಿಂದೆ ಜನ ಮಲಗಿದ್ದಾರೆ. ಆಮೇಲೆ ಅವನು ದೋಣಿಯಲ್ಲಿ ನೆಟ್ಟಗೆ ನಿಂತು ನೀರು ದಾಟಿ ಉಪ್ಪಿನ ಗೋದಾಮಿನ ಕಡೆ ತೇಲಿಹೋಗುತ್ತಾನೆ. ನಗು ಬರಲಿಲ್ಲ.

ಕೊನೆಯ ಭಾಗಕ್ಕೆ ಬರೋಣ. ಪಿಶಾಚಿಯನ್ನು ಹೊತ್ತಿನ ಪರಿವೆ ಇಲ್ಲದಂತೆ ಬೆಳಗಿನವರೆಗೂ ತಡೆದು ನಿಲ್ಲಿಸಬೇಕು, ಅದಕ್ಕೆ ಹುಟ್ಟರ್‌ನ ಹೆಂಡತಿ ಎಲೆನ್ ತನ್ನನ್ನೇ ಒಪ್ಪಿಸಿಕೊಳ್ಳುತ್ತಾಳೆ. ಮೆಟ್ಟಿಲಿನ ಗೋಡೆ ಮೇಲೆ ಅವನ ನೆರಳು ಹತ್ತಿ ಬರುತ್ತದೆ. ಅವನು ಅವಳ ಕತ್ತಿನ ಮೇಲೆ ಬಾಗಿದ್ದಾನೆ. ಅಷ್ಟರಲ್ಲಿ ಒಂದು ಹುಂಜ. ಕಪ್ಪು-ಬಿಳುಪು ಕಾಪಿಯಲ್ಲಿ ಬೆಳಗಾಯಿತು ಅಂತ ಹೇಳುವುದಕ್ಕೆ ಹೆಚ್ಚುಕಡಿಮೆ ಈ ಹುಂಜ ಒಂದೇ ಗತಿ. ಆ ಕಥೆಯ ಅಜ್ಜಿಯ ಹಾಗೆ, ಕೋಳಿ ಕೂಗಿದ್ದಕ್ಕೇ ಬೆಳಗಾಯಿತು ಅಂತ ನಾವು ನಂಬಬೇಕಿತ್ತು.

ಈಗ ಹಾಗಿಲ್ಲ. ಅವನು ತಲೆ ಎತ್ತುವ ಹೊತ್ತಿಗೆ ಪರದೆಗೆ ನಸುಕಿನ ಗುಲಾಬಿ ಬಂದಿರುತ್ತದೆ. ಎದೆ ಹಿಡಿದುಕೊಂಡು ಕಿಟಕಿ ದಾಟುವಾಗ ಕರಗಿ, ನೆಲದ ಮೇಲೆ ಒಂಚೂರು ಹೊಗೆ. ರಾತ್ರಿಯ ಬಣ್ಣದ ತುಂಡಿಗೂ ಈ ಗುಲಾಬಿ ತುಂಡಿಗೂ ನಡುವೆ ಆ ಹಳೆಯ ಪ್ರಿಂಟಿನಲ್ಲಿ ಒಂದು ಅಂಟು. 1922ರಲ್ಲಿ ಯಾವುದೋ ಲ್ಯಾಬಿನ ಮೇಜಿನ ಮುಂದೆ ಕೂತು, ಯಾರೋ ಕತ್ತರಿಸಿ, ಅಂಟು ಹಚ್ಚಿ, ಒಣಗುವ ತನಕ ಒತ್ತಿ ಹಿಡಿದದ್ದು.